ಕುರ್ಚಿ ಕಾರ್ಖಾನೆಯಲ್ಲಿ ನಿಂತವಳು

ಹಳೆಯ ಮುಚ್ಚಳ, ಬಕೆಟ್, ಶಾಂಪೂ ಡಬ್ಬಿಗಳನ್ನು ಚೂರು ಮಾಡಿ, ಕರಗಿಸಿ, ಅಚ್ಚಿನಲ್ಲಿ ಒತ್ತಿ ಕುರ್ಚಿ ಮಾಡುವ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಅಚ್ಚಕ್ಕ ಎನ್ನುತ್ತಿದ್ದರು. ಅಚ್ಚಿನ ಯಂತ್ರ ನಡೆಸುವವಳು ಅವಳು, ಚೂರು ಮಾಡುವ ಯಂತ್ರ ನಡೆಸುವವನು ಅವಳ ಮೈದುನ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನು ಅವನೇ.

ಕರಗಿದ ಪ್ಲಾಸ್ಟಿಕ್ ತಣಿಯುತ್ತಾ ಕುಗ್ಗುತ್ತದೆ. ಅಚ್ಚಿನೊಳಗೇ ನಿಧಾನವಾಗಿ ತಣಿದರೆ ಆಕಾರ ನಿಲ್ಲುತ್ತದೆ. ಆತುರಪಟ್ಟು ತೆರೆದರೆ ಸೊಟ್ಟಗಾಗುತ್ತದೆ. ಹಾಗಾಗಿ ಅವಳ ಕೆಲಸದಲ್ಲಿ ಹೆಚ್ಚಿನ ಪಾಲು ಕಾಯುವುದು, ಅದೂ ನಿಂತುಕೊಂಡು. ಬಲಮಂಡಿ ಊದಿ ಮಡಚದಂತಾಗಿತ್ತು. ನೆಲದಲ್ಲಿ ಕೂತು ಬಣ್ಣ ವಿಂಗಡಿಸುವ ಕೆಲಸಕ್ಕೂ ಹೋಗುವಂತಿರಲಿಲ್ಲ. ನಿಲ್ಲಲಾಗದ ದಿನ ಕೆಲಸ ಹೋದಂತೆಯೇ.

ಅಲ್ಲಿ ಕುರ್ಚಿಗೇನು ಬರವೇ? ಆದರೆ ಚೆನ್ನಾಗಿ ಬಂದದ್ದು ಅಂಗಡಿಗೆ, ಕೆಟ್ಟದ್ದು ಮತ್ತೆ ಚೂರು ಮಾಡುವ ಯಂತ್ರಕ್ಕೆ. ಏನೂ ವ್ಯರ್ಥವಾಗಬಾರದೆಂಬುದು ಕುರ್ಚಿಗಳ ವಿನ್ಯಾಸ ಮಾಡುವ, ಶೆಡ್ಡಿನ ಒಡತಿ ಮೇಡಂ ಅವರ ನಿಯಮ. ಮೊದಲೆಲ್ಲ ಅಚ್ಚಕ್ಕ ಬಕೆಟ್ಟೊಂದನ್ನು ಬೋರಲು ಹಾಕಿ ಕೂರುತ್ತಿದ್ದಳು. ಒಂದು ದಿನ ಅದೂ ಕಚ್ಚಾ ಮಾಲಿನ ಜೊತೆ ಹೋಯಿತು.

"ನೀವು ಕೂತಿದ್ದನ್ನೆಲ್ಲ ನನ್ನ ಯಂತ್ರ ತಿನ್ನತ್ತೆ ಅತ್ತಿಗೆ, ನನ್ನ ಹೆಗಲ ಮೇಲೆ ಮಾತ್ರ ಕೂರಬೇಡಿ" ಎಂದು ಮೈದುನ ನಕ್ಕಿದ್ದ.

ಆಮೇಲೊಂದು ಬೆಳಿಗ್ಗೆ ಅವಳು ಬೇಕೆಂದೇ ಅಚ್ಚನ್ನು ಬೇಗ ತೆರೆದಳು. ಒಂದು ಕಾಲು ಒಳಕ್ಕೆ ಬಾಗಿದ ಹಸಿರು ಕುರ್ಚಿ ಹೊರಬಂತು. ಆ ಕಾಲಿನಡಿ ರಟ್ಟು ಮಡಚಿಟ್ಟು, ಮೂಟೆಗಳ ಮರೆಯಲ್ಲಿ ಹಾಕಿಕೊಂಡಳು. ಅಚ್ಚು ತಣಿಯುವಷ್ಟು ಹೊತ್ತು ಅದರಲ್ಲಿ ಕೂರುವಳು. ಮಂಡಿಯ ಊತ ಇಳಿಯತೊಡಗಿತು. ಮೈದುನ ಕಂಡೂ ಕಾಣದವನಂತಿದ್ದ.

ಶೆಡ್ಡು ನೋಡಲು ಗಿರಾಕಿಗಳು ಬಂದರು. ಇಲ್ಲಿ ಒಂದು ಮುಚ್ಚಳವೂ ಹಾಳಾಗುವುದಿಲ್ಲ ಎಂದು ಮೇಡಂ ಹೇಳುತ್ತಿರುವಾಗಲೇ ಒಬ್ಬರು ಮೂಟೆಗಳ ಹಿಂದೆ ಇಣುಕಿ, ಈ ಸೊಟ್ಟ ಕಾಲಿನದೂ ಮಾರಾಟಕ್ಕೋ ಎಂದು ಕೇಳಿದರು. ಮೇಡಂ ಬೈಯಲಿಲ್ಲ. ಮರುಬಳಕೆ ಹೇಗೆಂದು ಈಗಲೇ ತೋರಿಸೋಣ ಎಂದು ಮೈದುನನತ್ತ ತಿರುಗಿದರು. ಅಚ್ಚಕ್ಕ ಕೂತೇ ಇದ್ದಳು.

"ಎದ್ದೇಳಿ ಅತ್ತಿಗೆ" ಎಂದ ಅವನು, ಅವಳ ಮುಖ ನೋಡದೆ.

"ನಿನ್ನ ಕೈಯಾರೆ ಹಾಕ್ತೀಯೇನೋ?"

"ಹಾಕ್ದಿದ್ರೆ ಇಬ್ಬರ ಕೆಲಸಾನೂ ಹೋಗತ್ತೆ."

ಬಂದವರು ಹಸಿರು ಚೂರುಗಳನ್ನು ಅಂಗೈಯಲ್ಲಿ ಹಿಡಿದು ಮೆಚ್ಚಿಕೊಂಡರು.

ಅವಳು ಮತ್ತೆ ನಿಂತಳು, ಒಂದು ಮಧ್ಯಾಹ್ನ ಯಂತ್ರದ ಪಕ್ಕದಲ್ಲೇ ಕುಸಿಯುವವರೆಗೆ. ಕೆಲಸ ಅಲ್ಲಿಗೆ ಮುಗಿಯಿತು. ಮೇಡಂ ಒಳ್ಳೆಯವರು; ಬೀಳ್ಕೊಡುಗೆಯೆಂದು ಒಂದು ಕುರ್ಚಿಯನ್ನೇ ಮನೆಗೆ ಕಳಿಸಿದರು. ಹೊಸ ಮಾದರಿ, ನೋಡಲು ಚೆಂದ, ನೆಲಕ್ಕೆ ತೀರ ಹತ್ತಿರ. ಮಂಡಿ ಮಡಚಲಾಗದವರು ಅದರಲ್ಲಿ ಹೇಗೋ ಕೂರಬಹುದು, ಒಬ್ಬರೇ ಏಳುವುದು ಸಾಧ್ಯವಿಲ್ಲ.

ಸಂಜೆ ಕೆಲಸ ಬಿಟ್ಟು ಬಂದ ಮೈದುನ ಅದರಲ್ಲಿ ಕೂತಿದ್ದ ಅವಳತ್ತ ಎರಡೂ ಕೈ ಚಾಚಿದ.

"ಎದ್ದೇಳಿ ಅತ್ತಿಗೆ."

"ಆವತ್ತು ಎಬ್ಬಿಸಿದ್ಯಲ್ಲ, ಸಾಕು" ಎಂದಳು ಅವಳು. "ಈಗ ಕೂತಿರ್ತೀನಿ ಬಿಡು."

ಅವನು ಕೈ ಕೆಳಗಿಳಿಸಿ, ಅವಳೆದುರು ನಿಂತೇ ಇದ್ದ.