ಲ್ಯಾಕ್ಟೋಮೀಟರ್ ಪೆಟ್ಟಿಗೆಯಲ್ಲಿದ್ದ ಸೀಮೆಸುಣ್ಣ

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ಅಕ್ಕನ ಮಕ್ಕಳಿಬ್ಬರೂ ನಗುತ್ತಾರೆ. ಹಾಗೆ ಶುರು ಮಾಡಬೇಕಾದರೆ ತಲೆ ನೆರೆತಿರಬೇಕು, ಎರಡಾದರೂ ಹಲ್ಲು ಬಿದ್ದಿರಬೇಕು ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಚಿಕ್ಕವನಾಗಿದ್ದೆ ಎನ್ನಲು ಈಗ ಮುದುಕನಾಗಿರಬೇಕು ಎಂಬ ನಿಯಮ ಎಲ್ಲಿದೆ? ಅಜ್ಜ ಹೇಳಬೇಕಾದ್ದನ್ನು ಮಾಮಾ ಹೇಳಿದರೆ ಅದೇನೂ ಸುಳ್ಳಾಗುವುದಿಲ್ಲ. ಹಾಗಾಗಿ ಹೇಳುತ್ತೇನೆ.

ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮೊಬೈಲು ಊರಿಗೆ ಒಂದೋ ಎರಡೋ ಇದ್ದ ಕಾಲ. ನಾನು ಆರನೇ ತರಗತಿ, ಅಕ್ಕ ಒಂಬತ್ತನೇ ತರಗತಿ. ಆ ಚಳಿಗಾಲದಲ್ಲಿ ಅಕ್ಕನ ಇಂಗ್ಲಿಷ್ ಸರ್ ಒಂದು ಕೆಲಸ ಕೊಟ್ಟಿದ್ದರು. ಕೊನೆಗೆ ‘ಮೀಟರ್’ ಎಂದು ಬರುವ ಶಬ್ದಗಳನ್ನು ಹುಡುಕಬೇಕು. ಒಂದೊಂದರ ಅರ್ಥ, ಉಪಯೋಗ ಬರೆಯಬೇಕು. ಅಕ್ಕ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದಳು. ಥರ್ಮಾಮೀಟರ್ ಬಂತು, ಬ್ಯಾರೋಮೀಟರ್ ಬಂತು, ಅಪ್ಪನ ಪಂಪ್‌ಸೆಟ್ಟಿನ ಡಬ್ಬಿಯಲ್ಲಿದ್ದ ವೋಲ್ಟ್‌ಮೀಟರ್ ಬಂತು. ಸ್ಪೀಡೋಮೀಟರಿಗೆ ‘ವಾಹನದ ವೇಗ ಅಳೆಯುವ ಸಾಧನ’ ಎಂದು ಬರೆದಾಗ ನಾನು ತಕರಾರು ತೆಗೆದೆ. ನಮ್ಮೂರ ಬಸ್ಸಿನ ಸ್ಪೀಡೋಮೀಟರ್ ಮುಳ್ಳು ಬಸ್ಸು ನಿಂತಾಗಲೂ ನಲವತ್ತರ ಮೇಲೇ ಕೂತಿರುತ್ತಿತ್ತು. ಅದು ಅಳೆಯುತ್ತಿದ್ದುದು ಏನನ್ನು?

“ನಿನ್ನ ಚರ್ಚಾಸ್ಪರ್ಧೆ ಸಾಲ್ಯಾಗ ಇಟ್ಕೊ,” ಎಂದಳು ಅಕ್ಕ. ರಾಣೇಬೆನ್ನೂರಿನಲ್ಲಿ ನಡೆದ ಸ್ಪರ್ಧೆಯಲ್ಲಿ ನಾನು ಸ್ಟೀಲಿನ ಟಿಫಿನ್ ಡಬ್ಬಿ ಗೆದ್ದು ಬಂದಿದ್ದೆ. ಆಮೇಲೆ ಮನೆಯಲ್ಲಿ ಯಾರು ಏನೆಂದರೂ ಎದುರು ಮಾತು ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಲ್ಯಾಕ್ಟೋಮೀಟರ್ ಸಿಕ್ಕಿದ್ದು ಹಾಲಿನ ಡೇರಿಯಲ್ಲಿ. ಡೇರಿ ಎಂದರೆ ದೊಡ್ಡ ಕಟ್ಟಡವಲ್ಲ. ನಮ್ಮ ಹಿತ್ತಲಿಗೆ ಅಂಟಿದ ಒಂದು ಕೋಣೆ, ಎರಡು ದೊಡ್ಡ ಕ್ಯಾನು, ಒಂದು ಕರಿಹಲಗೆ. ಅಲ್ಲಿ ಹಾಲು ಅಳೆಯುವವರನ್ನು ಊರಿಗೆ ಊರೇ ಡೇರಿ ಕಾಕಾ ಎನ್ನುತ್ತಿತ್ತು. ಅದುವರೆಗೆ ಅವರು ಲೀಟರ್ ಲೆಕ್ಕದಲ್ಲಿ ಹಾಲು ಸುರಿದುಕೊಳ್ಳುತ್ತಿದ್ದರು, ಅಷ್ಟೇ. ಹಾಲು ತೆಳ್ಳಗಿದೆ ಎಂದು ಒಕ್ಕೂಟದ ಮೇಲಿನವರು ದೂರಿದ ಮೇಲೆ ಪ್ರತಿಯೊಬ್ಬರ ಹಾಲಿಗೂ ಗಾಜಿನ ನಳಿಕೆ ಅದ್ದಲು ಶುರು ಮಾಡಿದರು. ನಳಿಕೆ ಹಾಲಿನಲ್ಲಿ ತೇಲುತ್ತಿತ್ತು. ಎಷ್ಟು ಮುಳುಗಿತು ಎಂಬುದನ್ನು ಗೆರೆ ನೋಡಿ ಹೇಳುತ್ತಿದ್ದರು. ಇಪ್ಪತ್ತೆಂಟು ಡಿಗ್ರಿಯ ಮೇಲಿದ್ದರೆ ಒಳ್ಳೆಯ ಹಾಲು, ಕೆಳಗಿದ್ದರೆ ಕೆಟ್ಟ ಹೆಸರು. ನಳಿಕೆ ಇಡಲು ಮಖಮಲ್ಲು ಹಾಸಿದ ಪುಟ್ಟ ಮರದ ಪೆಟ್ಟಿಗೆಯಿತ್ತು. ಅದರಲ್ಲಿ ಎರಡು ಉದ್ದನೆಯ ಗುಳಿಗಳು. ಒಂದರಲ್ಲಿ ಲ್ಯಾಕ್ಟೋಮೀಟರ್, ಇನ್ನೊಂದರಲ್ಲಿ ಕಾಕಾನ ಸೀಮೆಸುಣ್ಣ.

ಅಕ್ಕ ಅವರನ್ನೇ ಕೇಳಿ ಅರ್ಥ ಬರೆದುಕೊಂಡಳು: ‘ಹಾಲಿಗೆ ಬೆರೆಸಿದ ನೀರನ್ನು ಅಳೆಯುವ ಸಾಧನ.’

ಅದಾಗಿ ವಾರ ಕಳೆದಿರಲಿಲ್ಲ, ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾಗಿ ಅವ್ವ ಡೇರಿಗೆ ಎಲ್ಲರಿಗಿಂತ ಮೊದಲು ಹೋಗತೊಡಗಿದಳು. ಮೊದಲ ದಿನವೇ ಅವಳ ಹಾಲಿಗೆ ಇಪ್ಪತ್ತೈದು ಬಂತು. ಮರುದಿನವೂ ಇಪ್ಪತ್ತೈದು. ಮೂರನೇ ದಿನವೂ ಹಾಗೇ ಬಂದರೆ ಹೆಸರು ಕರಿಹಲಗೆಗೆ. ಆಮೇಲೆ ಆ ಮನೆಯ ಹಾಲು ಡೇರಿಗೆ ಬೇಡ. ಅದು ಅಲ್ಲಿಯ ನಿಯಮ.

“ಬೋರಿನ ನೀರೋ, ಕೆರಿ ನೀರೋ, ಅದನ್ನರ ಹೇಳವ್ವ,” ಎಂದರು ತೋಟದ ದೊಡ್ಡವ್ವ. ಊರಾಚೆ ತೋಟದಲ್ಲಿ ಅವರ ಮನೆ. ಬಾಯಿ ಜೋರು, ಹಾಲು ಯಾವಾಗಲೂ ಇಪ್ಪತ್ತೊಂಬತ್ತು. ಸಾಲಿನಲ್ಲಿದ್ದವರು ಸೆರಗು ಬಾಯಿಗಿಟ್ಟು ನಕ್ಕರು.

“ದೇವರಗುಡ್ಡದ ಭಂಡಾರ ಮುಟ್ಟಿ ಹೇಳತೇನಿ, ಒಂದು ಹನಿ ಹಾಕಿಲ್ಲ,” ಎಂದು ದೇವರ ಅರಿಶಿನದ ಮೇಲೆ ಆಣೆ ಇಟ್ಟಳು ಅವ್ವ.

“ಭಂಡಾರ ಮುಟ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಡಿಗ್ರಿ ಬರಬೇಕಲ್ಲ ತಂಗೀ,” ಎಂದರು ಕಾಕಾ. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಈಗ ಹೇಳಲೇಬೇಕಾದ ಮಾತು. ನಾನು ನಂಬಿದ್ದು ಗಾಜಿನ ನಳಿಕೆಯನ್ನು. ಆ ಸಂಜೆ ಅಕ್ಕನ ಮುಂದೆ ವಾದವನ್ನೂ ಮಂಡಿಸಿದೆ: ಮನುಷ್ಯರು ಆಣೆ ಇಟ್ಟು ಸುಳ್ಳು ಹೇಳಬಹುದು, ನಳಿಕೆಗೆ ಅವ್ವನ ಮೇಲೆ ಏನು ಹಗೆ? ಅಕ್ಕ ನೋಟ್‌ಬುಕ್ ಮುಚ್ಚಿ ಎದ್ದುಹೋದಳು. ಆಗ ನಾನು ಗೆದ್ದೆ ಅಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅವ್ವ ಏಳುವ ಮೊದಲೇ ನಾನು ಕೊಟ್ಟಿಗೆಗೆ ಹೋಗಿ ಮೇವಿನ ಹೊರೆಯ ಹಿಂದೆ ಕೂತೆ. ಜೋಳದ ಸೊಪ್ಪೆ ಕತ್ತಿಗೆ ಚುಚ್ಚುತ್ತಿತ್ತು. ಸಗಣಿಯ ಬಿಸಿ ವಾಸನೆ, ಎಮ್ಮೆಯ ಉಸಿರಿನ ಹೊಗೆ. ಅವ್ವ ಬಂದು ಡಬ್ಬಿ ತೊಳೆದಳು. ಅದನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿ ಕೊನೆಯ ಹನಿಯನ್ನೂ ಉದುರಿಸಿದಳು. ಕುಕ್ಕರಗಾಲಲ್ಲಿ ಕೂತು ಕರೆಯತೊಡಗಿದಳು. ಸೊರ್, ಸೊರ್. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಹೇಳಿದಳು:

“ಅಲ್ಲಿಂದ ಸರಿಯಾಗಿ ಕಾಣಂಗಿಲ್ಲ. ಹತ್ರ ಬಂದು ಕುಂದ್ರು.”

ಸಿಟ್ಟಿನ ದನಿಯಲ್ಲ. ಎಮ್ಮೆಗೆ ಹಿಂಡಿ ಹಾಕು ಎನ್ನುವಾಗಿನ ದನಿ. ನಾನು ಹೋಗಿ ಪಕ್ಕದಲ್ಲಿ ಕೂತೆ. ಕರೆದು ಮುಗಿಸಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು. “ನೀನ ಹೊತ್ಕೊಂಡು ನಡಿ. ನಾ ಕೈ ಹಚ್ಚಂಗಿಲ್ಲ.”

ಚಳಿಗೆ ಮರಗಟ್ಟಿದ ಬೆರಳುಗಳಿಗೆ ಡಬ್ಬಿ ಬೆಚ್ಚಗೆ ತಾಕಿತು. ಎದೆಗೆ ಅವುಚಿಕೊಂಡೆ. ಹಿತ್ತಲು ದಾಟಿದರೆ ಡೇರಿ. ಹಿಂದಿನೆರಡು ದಿನದಂತೆ ಅಂದೂ ನಾವೇ ಮೊದಲು. ಕಾಕಾ ನಳಿಕೆ ಇಳಿಬಿಟ್ಟರು. ಗೆರೆ ನೋಡಿ ಉಸಿರು ಬಿಟ್ಟರು. “ಇಪ್ಪತ್ತೈದ.” ಪೆಟ್ಟಿಗೆಯ ಗುಳಿಯಿಂದ ಸೀಮೆಸುಣ್ಣ ತೆಗೆದರು.

ಈ ಹಾಲಿಗೆ ನೀರು ಬಿದ್ದಿಲ್ಲ ಎಂಬುದಕ್ಕೆ ಸಾಕ್ಷಿ ಈಗ ನಾನೇ. ಅಂದರೆ ತಪ್ಪಿದ್ದದ್ದು ಬೇರೆಲ್ಲೋ. ಅಷ್ಟರಲ್ಲಿ ತೋಟದ ದೊಡ್ಡವ್ವ ಬಂದು ತಮ್ಮ ಡಬ್ಬಿಯನ್ನು ನನ್ನ ಪಕ್ಕದಲ್ಲಿ ಇಟ್ಟರು. ನನ್ನ ಮೊಣಕೈ ಅದಕ್ಕೆ ತಾಕಿತು. ಅದು ಬಾವಿಯ ನೀರಿನ ಕೊಡದಂತೆ ತಣ್ಣಗಿತ್ತು. ತೋಟದಿಂದ ಅರ್ಧ ಗಂಟೆ ಮಂಜಿನಲ್ಲಿ ನಡೆದು ಬಂದ ಹಾಲು.

“ಕಾಕಾ, ಬರಿಯೂದಕ್ಕಿಂತ ಮೊದ್ಲು ಒಂದು ಪ್ರಶ್ನೆ,” ಎಂದೆ.

“ಸುರು ಆತು ನೋಡ್ರಿ ಭಾಷಣ,” ಎಂದರು ದೊಡ್ಡವ್ವ.

“ನಮ್ಮ ಹಾಲು ಬಿಸಿ ಐತಿ. ಉಳಿದವರದ್ದು ತಣ್ಣಗ. ನಮ್ಮದೂ ತಣ್ಣಗಾದ ಮ್ಯಾಲೆ ಅಳೀರಿ. ಆವಾಗ್ಲೂ ಇಪ್ಪತ್ತೈದು ಬಂದ್ರ ಹೆಸರು ನಾನ ಬರೀತೇನಿ, ದಪ್ಪ ಅಕ್ಷರದಾಗ.”

ಕಾಕಾ ಅವ್ವನ ಮುಖ ನೋಡಿದರು. ಅವ್ವ ಗೋಡೆ ನೋಡುತ್ತಿದ್ದಳು. ಕೊನೆಗೆ ಅವರು ನಮ್ಮ ಹಾಲಿನ ಪಾತ್ರೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ತಮ್ಮ ಟವೆಲ್ ಹಾಕಿದರು. ಯಾರೂ ಮುಟ್ಟುವಂತಿಲ್ಲ. ಸಾಲು ಕರಗಿತು, ಆದರೆ ಹಾಲು ಹಾಕಿದವರು ಮನೆಗೆ ಹೋಗಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂತು. ಸ್ಪರ್ಧೆಯಲ್ಲಿ ಸೋತರೆ ಟಿಫಿನ್ ಡಬ್ಬಿ ಹೋಗುತ್ತದೆ. ಇಲ್ಲಿ ಸೋತರೆ ಅವ್ವನ ಹೆಸರನ್ನು ನಾನೇ ಬರೆಯಬೇಕು.

ಟವೆಲ್ ತೆಗೆದು ಕಾಕಾ ನಳಿಕೆ ಬಿಟ್ಟರು. ನೊರೆ ಊದಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ನಳಿಕೆ ಒರೆಸಿ ಇನ್ನೊಮ್ಮೆ ಬಿಟ್ಟರು.

“ಇಪ್ಪತ್ತೆಂಟೂವರಿ.”

“ಹುಡುಗ ಏನರ ಹಾಕಿರಬೇಕು,” ಎಂದರು ದೊಡ್ಡವ್ವ.

ಆಕ್ಷೇಪಣೆ ನ್ಯಾಯವಾದದ್ದೇ. “ಹಂಗಾದ್ರ ನಿಮ್ಮ ಹಾಲು ಬಿಸಿ ಮಾಡೋಣು,” ಎಂದೆ. ಕಾಕಾನಿಗೂ ಕುತೂಹಲ ಹತ್ತಿತ್ತು. ದೊಡ್ಡವ್ವನ ಡಬ್ಬಿಯಲ್ಲಿ ಉಳಿದಿದ್ದ ಹಾಲನ್ನು ಚಹಾದ ಸ್ಟೋವಿನ ಮೇಲೆ ಉಗುರು ಬೆಚ್ಚಗೆ ಮಾಡಿ ನಳಿಕೆ ಬಿಟ್ಟರು. ಇಪ್ಪತ್ತೊಂಬತ್ತಿದ್ದದ್ದು ಇಪ್ಪತ್ತಾರಾಯಿತು.

“ಬೋರಿನ ನೀರೋ, ಕೆರಿ ನೀರೋ ದೊಡ್ಡವ್ವಾ?” ಎಂದು ಬಾಗಿಲಲ್ಲಿದ್ದ ಯಾರೋ ಕೇಳಿದರು.

“ನಿನ್ನ ಬಾಯಿಗೆ ಸಗಣಿ ಹಾಕ. ನಲವತ್ತು ವರ್ಷ ಆತು ಹಾಲು ಮಾರಾಕ ಹತ್ತಿ, ನನ್ನ ಹಾಲಿಗೆ ನೀರಂತ,” ಎಂದ ದೊಡ್ಡವ್ವ ಅಲ್ಲಿಗೇ ನಿಲ್ಲಿಸಿದರು. ಅವ್ವನ ಕಡೆ ನೋಡಿ ಸೆರಗು ಸರಿ ಮಾಡಿಕೊಂಡರು.

ಗದ್ದಲ ಕೇಳಿ ಬಂದಿದ್ದ ಅಕ್ಕ ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತಿರುಗಿಸಿ ನೋಡುತ್ತಿದ್ದಳು. ಒಳಗೆ ಅಂಟಿಸಿದ ಹಳದಿಯಾದ ಇಂಗ್ಲಿಷ್ ಕಾಗದ. ಬೆರಳಿಟ್ಟು ನಿಧಾನವಾಗಿ ಓದಿ ಹೇಳಿದಳು: ಬಿಸಿ ಹಾಲು ಹಗುರ, ನಳಿಕೆ ಹೆಚ್ಚು ಮುಳುಗುತ್ತದೆ; ಹಾಲಿನ ಬಿಸಿಯನ್ನು ಥರ್ಮಾಮೀಟರಿನಿಂದ ನೋಡಬೇಕು, ಬಿಸಿ ಹೆಚ್ಚಿದ್ದರೆ ಡಿಗ್ರಿಗೆ ಇಷ್ಟು ಸೇರಿಸಬೇಕು, ಕಡಿಮೆಯಿದ್ದರೆ ಇಷ್ಟು ಕಳೆಯಬೇಕು.

“ಥರ್ಮಾಮೀಟರ್ ಎಲ್ಲೈತಿ ಕಾಕಾ?”

ಕಾಕಾ ಕೈಯಲ್ಲಿದ್ದ ಸೀಮೆಸುಣ್ಣ ನೋಡಿದರು, ಆ ಗುಳಿ ನೋಡಿದರು. “ಬರುವಾಗ ಇತ್ತವ್ವ. ಒಡೀತು. ಜ್ವರ ನೋಡೂದು ಇಲ್ಲಿ ಯಾಕ ಅಂತ ಬಿಟ್ಟೆ.”

ಮನೆಗೆ ಬಂದು ಅಕ್ಕ ಹಳೆಯ ಅರ್ಥವನ್ನು ಹೊಡೆದುಹಾಕಿ ಹೊಸದು ಬರೆದಳು: ‘ಅಷ್ಟೇ ಅಳತೆಯ ನೀರಿಗಿಂತ ಹಾಲು ಎಷ್ಟು ಭಾರ ಎಂದು ಅಳೆಯುವ ಸಾಧನ. ಪಕ್ಕದಲ್ಲಿ ಥರ್ಮಾಮೀಟರ್ ಇರಬೇಕು.’ ಆ ವಾರವೇ ಕಾಕಾ ಹಾವೇರಿಗೆ ಹೋಗಿ ಹೊಸ ಥರ್ಮಾಮೀಟರ್ ತಂದರು. ಅವ್ವ ಮಾತ್ರ ಅಂದಿನಿಂದ ಡೇರಿಗೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಕರೆಯುವ ಮೊದಲು, ನಾನು ಎದುರಿಗಿದ್ದರೆ, ತೊಳೆದ ಡಬ್ಬಿಯನ್ನು ನನ್ನ ಕಡೆ ಬಾಗಿಸಿ “ನೋಡಿದಿ?” ಎನ್ನುತ್ತಿದ್ದಳು. ನಾನು “ನೋಡಿದೆ” ಎನ್ನಬೇಕಿತ್ತು. ನಾನು ಕಾಲೇಜಿಗೆ ಹೋಗುವವರೆಗೂ ಇದು ನಡೆಯಿತು.

ಹಾವೇರಿಯಲ್ಲಿ ಅಕ್ಕನ ಮನೆಗೆ ಈಗ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕೊಬ್ಬು ಎಷ್ಟು ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಯಾರೂ ಅದ್ದಿ ನೋಡುವುದಿಲ್ಲ. ಮಕ್ಕಳ ಸುತ್ತ ಅಳೆಯುವ ಸಾಧನಗಳಿಗೆ ಕೊರತೆಯಿಲ್ಲ. ಅವುಗಳ ಹೆಸರಿನ ಕೊನೆಯಲ್ಲಿ ಮೀಟರ್ ಇಲ್ಲ, ಅಷ್ಟೇ. ನಡೆದ ಹೆಜ್ಜೆ, ಮಲಗಿದ ಗಂಟೆ, ಹೊರಗಿನ ಬಿಸಿಲು, ಎಲ್ಲವನ್ನೂ ಫೋನು ಹೇಳುತ್ತದೆ. ಮೊನ್ನೆ ಅಕ್ಕನ ಮಗ ಅಂಗಳದಲ್ಲಿ ನಿಂತು, ಮಳೆಯಲ್ಲಿ ನೆನೆಯುತ್ತಲೇ, ಮಳೆ ಇಲ್ಲ ಎಂದು ಫೋನು ಓದಿ ಹೇಳಿದ. ಒಮ್ಮೆ ನಳಿಕೆಯನ್ನು ನಂಬಿದ್ದ ನಾನು ಅವನನ್ನು ನೋಡಿ ನಗುವ ಸ್ಥಿತಿಯಲ್ಲಿಲ್ಲ.

ಈ ಕಥೆ ಮುಗಿದಾಗ ಅಕ್ಕನ ಮಗಳು ಕೇಳಿದಳು, “ಮಾಮಾ, ಆಮ್ಯಾಲೆ ಅಜ್ಜಿಗೆ ಸಾರಿ ಅಂದ್ರಿ?”

“ಇಲ್ಲ,” ಎಂದೆ.

ಅಲ್ಲೇ ಕೂತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. “ನನಗ್ಯಾಕ ಸಾರಿ? ಎಮ್ಮಿಗೆ ಹೇಳಬೇಕಿತ್ತು. ಅದರ ಹಾಲಿಗೆ ನೀರು ಅಂದಿದ್ದು.”