ಬೆಂಕಿ ಚೌಕಿಯೂ ನನ್ನ ಪಡವಲಕಾಯಿಯೂ

ಇವತ್ತು ಬೆಳಿಗ್ಗೆ ಕಾಶಿಯ ಗೋದೌಲಿಯಾ ಚೌಕದ ತರಕಾರಿ ಗಾಡಿಯೊಂದರಲ್ಲಿ ಪಡವಲಕಾಯಿ ಕಂಡೆ. ಮೈಮೇಲೆ ನೀರು ಚಿಮುಕಿಸಿಕೊಂಡು, ಉದ್ದಕ್ಕೆ ಬಿದ್ದುಕೊಂಡು, ತನ್ನ ಆ ಹಸಿ ವಾಸನೆ ಬೀರುತ್ತಿತ್ತು. ವಾಸನೆ ಮೂಗಿಗೆ ತಾಕಿದ್ದೇ ತಡ, ನನಗೆ ನಗು ಬಂತು. ಸೈಕಲ್ ರಿಕ್ಷಾಗಳ ನಡುವೆ ಒಬ್ಬನೇ ನಿಂತು ನಗುವವನನ್ನು ಕಂಡು ಗಾಡಿಯವನು, "ಹಂಸತ್ ಕಾಹೇ ಹೈಂ ಬಾಬೂಜಿ?" ಎಂದ, ನಗುವುದೇಕೆ ಅಂತ. ಅದನ್ನು ಅವನಿಗೆ ಹೇಳುತ್ತ ಕೂತರೆ ತರಕಾರಿಯೆಲ್ಲ ಬಾಡುತ್ತದೆ. ಎರಡು ಕಾಯಿ ಕೊಂಡು ಚೀಲಕ್ಕೆ ಹಾಕಿಕೊಂಡೆ. ಇಪ್ಪತ್ತು ವರ್ಷದಲ್ಲಿ ನಾನು ಪಡವಲಕಾಯಿಗೆ ದುಡ್ಡು ಕೊಟ್ಟಿದ್ದು ಇದೇ ಮೊದಲು. ಗಾಡಿಯವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ನಿಮಗೆ ಬಿಡುವಿದ್ದರೆ.

ಕಾಶಿಗೆ ಬಂದವರು ಒಂದು ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಹೋಗಬೇಕೆಂಬ ಪದ್ಧತಿ ನಿಮಗೂ ಗೊತ್ತಿರುತ್ತದೆ. "ನಂಗೆ ಬದನೆಕಾಯಿ ಬಡಿಸಬೇಡ್ರೇ, ಕಾಶೀಲಿ ಬಿಟ್ಟಿದೀನಿ" ಎನ್ನುವ ದೊಡ್ಡಮ್ಮ ಯಾರ ಮನೆಯಲ್ಲಿಲ್ಲ? ಬಿಡಬೇಕಾದ್ದು ಇಷ್ಟವಾದದ್ದನ್ನು. ನಾನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮ ಬಂದು, ಗಂಗೆಯಲ್ಲಿ ಮೂರು ಮುಳುಗು ಹಾಕಿಸಿ, "ಏನು ಬಿಡ್ತೀಯೋ?" ಎಂದಳು. ನಾನು ಕಣ್ಣು ಮುಚ್ಚಿ, ಭಾರಿ ಭಕ್ತಿಯಿಂದ, ಹುಟ್ಟಿದಾಗಿನಿಂದ ಬಾಯಿಗಿಡಲಾರದ ಪಡವಲಕಾಯಿಯನ್ನು ಬಿಟ್ಟೆ. ಅಮ್ಮನಿಗೆ ಗೊತ್ತಾಯಿತು. ಗಂಗೆಗೂ ಗೊತ್ತಾಗಿರಬೇಕು. ಇಬ್ಬರೂ ಏನೂ ಅನ್ನಲಿಲ್ಲ. ಅನ್ನುವವರು ಆಮೇಲೆ ಸಿಕ್ಕಿದರು, ಗೌರಜ್ಜಿ.

ಗೌರಜ್ಜಿ ತಿಪಟೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ, ಕಾಶಿಯಲ್ಲೇ ಕಣ್ಣು ಮುಚ್ಚುತ್ತೇನೆಂದು ಒಂದು ಟ್ರಂಕಿನ ಜೊತೆ ಬಂದು, ವಿಶ್ವನಾಥ ಗಲ್ಲಿಯ ಹಿಂದಿನ ಒಂದು ಸಂದಿಯಲ್ಲಿ ಕನ್ನಡದ ಯಾತ್ರಿಕರಿಗಾಗಿ ಇರುವ ಛತ್ರದಲ್ಲಿ ಉಳಿದುಕೊಂಡರು. ಕಣ್ಣು ಮಾತ್ರ ಮುಚ್ಚಲಿಲ್ಲ. ಹನ್ನೆರಡು ವರ್ಷವಾದರೂ ಮುಚ್ಚಲಿಲ್ಲ. ಛತ್ರದವರು ಬಾಗಿಲ ಪಕ್ಕದ ಕೆಳಗಿನ ಕೋಣೆಯನ್ನು "ಇರೋವಷ್ಟು ದಿನ ನಿಮ್ಮದೇ" ಎಂದು ಕೊಟ್ಟಿದ್ದರು. ಮಂಡಿ ನೋವಿನ ಅಜ್ಜಿಗೆ ಆ ಕೋಣೆ ಕೆಳಗಿದ್ದದ್ದರಿಂದಲೇ ದಿನಾ ಗಂಗಾಸ್ನಾನ ಸಾಧ್ಯವಾಗುತ್ತಿತ್ತು. ಘಾಟಿನ ಮೆಟ್ಟಿಲು ತಗ್ಗು, ಕೂತು ಕೂತು ಇಳಿಯಬಹುದು. ಛತ್ರದ ಮಹಡಿ ಮೆಟ್ಟಿಲಾದರೆ ಥೇಟ್ ಏಣಿ. ಮಹಡಿಗೆ ಹೋದವರು ಎರಡು ಮಂಡಿಯನ್ನೂ ಅಲ್ಲೇ ಬಿಡಬೇಕು ಎಂದು ಅಜ್ಜಿಯೇ ಹೇಳುತ್ತಿದ್ದರು. ಭಾನುವಾರ ನಾನು ಅಲ್ಲಿ ಊಟಕ್ಕೆ ಹೋಗುತ್ತಿದ್ದೆ. ಮೊದಲನೇ ದಿನವೇ ಪಡವಲಕಾಯಿ ಕೂಟು ಬೇಡವೆಂದು, ಕಾರಣ ಹೇಳಿ ಸಿಕ್ಕಿಬಿದ್ದೆ.

"ಇಷ್ಟ ಇತ್ತೇ ಮೇಷ್ಟ್ರೇ?"

"ಇಲ್ಲ ಅಜ್ಜಿ."

"ವಿಶ್ವನಾಥನ ಕಣ್ಣಿಗೇ ಮಣ್ಣೆರಚಿದಿರಿ ಅನ್ನಿ!"

ಆವತ್ತಿನಿಂದ ಗಲ್ಲಿಗೆಲ್ಲ ನಾನು ಪಡವಲಕಾಯಿ ಮೇಷ್ಟ್ರು.

ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಛತ್ರದ ಎದುರಿನ ಸೀರೆ ಗೋದಾಮಿಗೆ ಬೆಂಕಿ ಬಿತ್ತು. ಅಗ್ನಿಶಾಮಕದ ಲಾರಿ ಗಂಟೆ ಬಾರಿಸುತ್ತ ಬಂದು ಗೋದೌಲಿಯಾದಲ್ಲಿ ನಿಂತಿತು. ಎರಡು ಹಸು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ಗಲ್ಲಿಯಲ್ಲಿ ಲಾರಿ ಎಲ್ಲಿ ನುಗ್ಗೀತು? ಸಿಬ್ಬಂದಿ ಪೈಪು ಎಳೆದುಕೊಂಡು ಓಡಿ ಬಂದರು, ಪೈಪು ಸಾಲಲಿಲ್ಲ. ಗಲ್ಲಿಯವರೇ ಬಕೆಟ್ಟು, ಕೊಡ, ಸಾರಿನ ಪಾತ್ರೆ ಹಿಡಿದು ನಿಂತರು. ಯಾತ್ರಿಕರು ಊರಿಗೆ ಒಯ್ಯಲೆಂದು ಬೆಸುಗೆ ಹಾಕಿಸಿಟ್ಟಿದ್ದ ಗಂಗೆಯ ತಂಬಿಗೆಗಳನ್ನೂ ಒಡೆದು ಸುರಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಬೆಂಕಿ ಆರಿದ ಮೇಲೆ ಗೌರಜ್ಜಿ ಬಾಗಿಲಲ್ಲಿ ನಡುಗುತ್ತ ನಿಂತು ಹೇಳಿದ ಮಾತು ಇವತ್ತಿಗೂ ಗಲ್ಲಿಯಲ್ಲಿ ಓಡಾಡುತ್ತಿದೆ: "ನಾನು ಬಂದಿರೋದು ಮಣಿಕರ್ಣಿಕೇಲಿ ಸುಡಿಸಿಕೊಳ್ಳೋದಕ್ಕೆ ಕಣ್ರೀ, ಸೀರೆ ಅಂಗಡಿ ಎದುರಿಗಲ್ಲ!"

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ನನ್ನ ಕೈಯಲ್ಲಿ ಅರ್ಜಿ ಬರೆಸಿದರು, ವಾರ್ಡಿನ ಸದಸ್ಯರನ್ನು, ಅಂದರೆ ಪಾರ್ಷದ್‌ಜಿಯನ್ನು, ಊಟಕ್ಕೆ ಕರೆದು ಹೋಳಿಗೆ ತಿನ್ನಿಸಿದರು. ಗಲ್ಲಿಯ ಒಳಗೇ ಒಂದು ಪುಟ್ಟ ಬೆಂಕಿ ಚೌಕಿ ಆಗಬೇಕು: ಗಂಗೆಯಿಂದ ನೀರೆತ್ತುವ ಪಂಪು, ಉದ್ದನೆಯ ಪೈಪು, ನಾಲ್ಕು ಜನ ಸಿಬ್ಬಂದಿ. ವರ್ಷ ಓಡಾಡಿದ ಮೇಲೆ ಹಣ ಮಂಜೂರಾಯಿತು. ನಕ್ಷೆ ಬರೆಯುವ ಸೇವೆ ನನ್ನದು.

ಇಲ್ಲಿ ನನ್ನ ಮರ್ಯಾದೆ ಕೊಂಚ ಹೋಗುತ್ತದೆ, ಹೋಗಲಿ. ವರ್ಷಗಟ್ಟಲೆ ಕಾಲೇಜಿನಲ್ಲಿ ಬೇರೆಯವರ ಕಟ್ಟಡದ ತಪ್ಪು ಎಣಿಸಿದವನಿಗೆ ಒಂದಾದರೂ ಸ್ವಂತದ್ದು ಕಟ್ಟಿಸುವ ಚಪಲ. ಚೌಕಿಯ ಬಾಗಿಲಿಗೆ ಚುನಾರಿನ ಕಲ್ಲಿನಲ್ಲಿ ಒಂದು ಕಮಾನು ಬರೆದೆ, ಅಂಚಿಗೆ ಬಳ್ಳಿ, ಮೇಲೆ ಎರಡು ಗಿಳಿ. ಬೆಂಕಿಗೂ ಗಿಳಿಗೂ ಏನು ಸಂಬಂಧವೆಂದು ಕೇಳಬೇಡಿ. ಗುತ್ತಿಗೆಗೆ ಮೂರು ಜನ ಟೆಂಡರು ಹಾಕಿದ್ದರು. ಲಕೋಟೆ ಒಡೆದು ನೋಡಿದರೆ ಮೂವರದೂ ಮಂಜೂರಾದ ಹಣಕ್ಕಿಂತ ಮೇಲೆ. ಎಲ್ಲರಿಗಿಂತ ಕಡಿಮೆ ಕೇಳಿದ್ದ ತಿವಾರಿಯದ್ದೂ ಕಾಲು ಭಾಗ ಜಾಸ್ತಿ. ಮಾರ್ಚ್ ಮುಗಿಯುವುದರೊಳಗೆ ಇತ್ಯರ್ಥವಾಗದಿದ್ದರೆ ಹಣ ವಾಪಸ್ಸು, ಚೌಕಿಯೂ ಇಲ್ಲ, ಗೀಕಿಯೂ ಇಲ್ಲ. ಆಗಲೇ ಹೋಳಿ ಮುಗಿದಿತ್ತು.

ಕೊನೆಯ ಸಭೆ ಛತ್ರದ ಊಟದ ಮನೆಯಲ್ಲಿ. ನಗರಪಾಲಿಕೆ ಕಚೇರಿಯ ಇಂಜಿನಿಯರು, ಪಾರ್ಷದ್‌ಜಿ, ಬಾಯಿ ತುಂಬ ಪಾನ್ ಹಾಕಿಕೊಂಡ ತಿವಾರಿ, ನಾನು. ಎರಡು ತಾಸು ಎಳೆದಾಡಿದರೂ ಯಾರೂ ಒಂದಿಂಚು ಇಳಿಯಲಿಲ್ಲ. ಇಂಜಿನಿಯರು ಫೈಲು ಕಟ್ಟಿ ಎದ್ದೇಬಿಟ್ಟರು. ಆಗ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಕೂತ್ಕೊಳ್ಳಿ ಎಲ್ಲ" ಎಂದರು. ಭಾಷೆ ಗೊತ್ತಿಲ್ಲದಿದ್ದರೂ ಎಲ್ಲರೂ ಕೂತರು. ಮಿಕ್ಕದ್ದನ್ನು ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದರು: "ಕಾಶೀ ಆಯಾ ತೋ ಕುಛ್ ಛೋಡ್ನಾ." ಕಾಶಿಗೆ ಬಂದರೆ ಏನಾದರೂ ಬಿಡಬೇಕು ಅಂತ. "ಒಬ್ಬೊಬ್ಬರೂ ಒಂದೊಂದು ಬಿಡಿ. ಇಷ್ಟವಾದದ್ದು."

ತಿವಾರಿ ನಕ್ಕ. ತಾನು ಕಾಶಿಗೆ ಬಂದವನಲ್ಲ, ಇಲ್ಲೇ ಹುಟ್ಟಿದವನು, ತನಗೆ ಇದೆಲ್ಲ ಅನ್ವಯಿಸುವುದಿಲ್ಲವೆಂದ.

"ಹುಟ್ಟೋದೂ ಬರೋದೇ ಅಲ್ವೇ?" ಎಂದರು ಅಜ್ಜಿ. ನಾನು ಅದನ್ನು ಹಿಂದಿಗೆ ತಿರುಗಿಸಿದೆ. ತಿವಾರಿ ಪಾನ್ ಜಗಿಯುವುದನ್ನು ನಿಲ್ಲಿಸಿ ಯೋಚನೆಗೆ ಬಿದ್ದ. ಅಜ್ಜಿ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವೇನು ಬಿಡ್ತೀರಿ? ಪಡವಲಕಾಯಿ ಲೆಕ್ಕಕ್ಕಿಲ್ಲ."

ಎಲ್ಲರೂ ನನ್ನ ನಕ್ಷೆಯನ್ನೇ ನೋಡುತ್ತಿದ್ದರು. ಎರಡು ಗಿಳಿಗಳೂ ನನ್ನನ್ನೇ ನೋಡುತ್ತಿದ್ದವು. "ಕಮಾನು ಬಿಟ್ಟೆ" ಎಂದು ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಪಾರ್ಷದ್‌ಜಿ ತಮ್ಮ ಹೆಸರು ಕೆತ್ತಿಸಬೇಕೆಂದಿದ್ದ ಅಮೃತಶಿಲೆಯ ಫಲಕ ಬಿಟ್ಟರು. ಪಾಪ, ಅವರ ಮುಖ ನನ್ನದಕ್ಕಿಂತ ಬಾಡಿತ್ತು. ತಿವಾರಿ, ಗೋದೌಲಿಯಾದಿಂದ ಗಲ್ಲಿಗೆ ಇಟ್ಟಿಗೆ ಹೊರಿಸುವ ಕೂಲಿ ಬಿಡುತ್ತೇನೆ, ಹೊರುವವರನ್ನು ನೀವು ನೋಡಿಕೊಳ್ಳಿ ಎಂದ. ಅದಕ್ಕೇನಂತೆ, ಛತ್ರಕ್ಕೆ ಊಟಕ್ಕೆ ಬರುವವರು ತಲಾ ಎರಡೆರಡು ಇಟ್ಟಿಗೆ ತರಲಿ ಎಂದರು ಅಜ್ಜಿ. ಹಾಗೇ ಆಯಿತು ಕೂಡ. ದಾವಣಗೆರೆಯ ಒಂದು ಕುಟುಂಬ ಇದೂ ಕಾಶಿಯ ಒಂದು ವ್ರತವೆಂದುಕೊಂಡು, ಇಟ್ಟಿಗೆಗೆ ಕುಂಕುಮ ಇಟ್ಟು, ಒಂದನ್ನು ದೇವರ ಮನೆಗೆಂದು ಊರಿಗೇ ಒಯ್ದಿತು.

ಸಭೆಯಲ್ಲಿ ಇಷ್ಟೆಲ್ಲ ಬಿಟ್ಟರೂ ಪಂಪಿನ ಕೋಣೆಯ ಖರ್ಚಿಗೆ ಹಣ ಸಾಲಲಿಲ್ಲ. ಇಂಜಿನಿಯರು ಮತ್ತೆ ತಲೆಯಾಡಿಸಿದರು. ಅಜ್ಜಿ ಹೂಬತ್ತಿಯ ತಟ್ಟೆ ಪಕ್ಕಕ್ಕಿಟ್ಟರು.

"ಕೋಣೆ ಕಟ್ಟೋದು ಬೇಡ. ನನ್ನದು ತಗೊಳ್ಳಿ. ಮಹಡೀಲಿ ಒಂದು ಖಾಲಿ ಇದೆಯಲ್ಲ, ಹತ್ತಿ ಕೂತ್ಕೋತೀನಿ."

"ಅಜ್ಜಿ, ಸ್ನಾನ?" ಎಂದೆ.

"ಅದನ್ನೇ ಬಿಟ್ಟಿದ್ದು" ಎಂದು ಮತ್ತೆ ಬತ್ತಿ ಹೊಸೆಯತೊಡಗಿದರು.

ನಾನು ಎದ್ದು ಹೊರಗೆ ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯೂ ಆಗಿತ್ತು, ಗಿಳಿಗಾಗಿ ಮುಖ ಬಾಡಿಸಿಕೊಂಡವನಿಗೆ. ಒಳಗೆ ಬರುವ ಹೊತ್ತಿಗೆ ಎಲ್ಲರ ಸಹಿ ಬಿದ್ದಿತ್ತು.

ಮಳೆಗಾಲಕ್ಕೆ ಮೊದಲೇ ಚೌಕಿ ಎದ್ದಿತು. ಬೋಳು ಬಾಗಿಲು, ಕೆಂಪು ಬಣ್ಣ, ಮೂಲೆಯಲ್ಲಿ ಬ್ರಷ್ಷಿನಲ್ಲಿ ಬರೆದ ಪಾರ್ಷದ್‌ಜಿಯ ಹೆಸರು. ಅಜ್ಜಿಯನ್ನು ಇಬ್ಬರು ಹಿಡಿದು ಮಹಡಿ ಹತ್ತಿಸಿದರು. ಗಂಗೆ ಕಾಣದ ಕಿಟಕಿಯಲ್ಲಿ ಗಂಗೆಯ ದಿಕ್ಕಿಗೆ ಮುಖ ಮಾಡಿ ಕೂತವರು ಒಂದು ವಾರ ನನ್ನನ್ನು ಬೈಯಲೂ ಇಲ್ಲ. ಅವರು ಬೈಯದಿದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಹೊಸ ಸಿಬ್ಬಂದಿಯ ಮುಖ್ಯಸ್ಥ ರಾಮ್‌ಲಖನ್, ಮೀಸೆಯೇ ಮುಕ್ಕಾಲು ಪಾಲು ಇರುವ ಮನುಷ್ಯ. ಬೆಂಕಿ ಬಿದ್ದರೆ ಮಹಡಿಯಿಂದ ಜನರನ್ನು ಇಳಿಸುವುದು ಹೇಗೆಂದು ಅವರಿಗೆ ದಿನಾ ಬೆಳಿಗ್ಗೆ ಛತ್ರದಲ್ಲಿ ಅಭ್ಯಾಸ. ಮರಳಿನ ಮೂಟೆಯೊಂದನ್ನು ಕುರ್ಚಿಗೆ ಕಟ್ಟಿ ಇಳಿಸುತ್ತಿದ್ದರು. ಎಂಟನೇ ದಿನ ಅವನು ಅಜ್ಜಿಯ ಬಾಗಿಲಲ್ಲಿ ನಿಂತು, ಮೂಟೆ ಏನೂ ಮಾತಾಡುವುದಿಲ್ಲ ಮಾತಾಜಿ, ಸರಿಯಾಗಿ ಹಿಡಿದಿದ್ದೇವೋ ಇಲ್ಲವೋ ಗೊತ್ತಾಗುವುದಿಲ್ಲ, ನೀವೇ ಬಂದು ಕೂತರೆ ಉಪಕಾರವಾಗುತ್ತೆ ಎಂದನಂತೆ. ನಾನೇನು ಮರಳಿನ ಮೂಟೆಯೇ ಎಂದು ಅಜ್ಜಿ ರೇಗಿ, ಆಮೇಲೆ ಕೂತರಂತೆ. ಕೆಳಗಿಳಿಸಿದವರು ಅಲ್ಲಿಗೇ ನಿಲ್ಲಿಸಲಿಲ್ಲ. ಪಂಪಿನ ಪೈಪು ನೋಡಲು ಹೇಗೂ ದಿನಾ ಘಾಟಿಗೆ ಹೋಗಲೇಬೇಕಲ್ಲ, ಕುರ್ಚಿಯನ್ನೂ ಹೊತ್ತುಕೊಂಡೇ ನಡೆದರು. ಅವತ್ತು ಮಧ್ಯಾಹ್ನ ಅಜ್ಜಿ ನನಗೆ ಎರಡು ಸಲ ಬೈದರು. ನನಗೆ ಜೀವ ಬಂತು.

ಇವತ್ತು ನಾನು ಚೀಲ ಹಿಡಿದು ಹೋದಾಗ ಕುರ್ಚಿ ಸ್ನಾನ ಮುಗಿಸಿ ವಾಪಸ್ಸು ಬರುತ್ತಿತ್ತು. "ಮೆಲ್ಲಗೆ, ಎಡಕ್ಕೆ, ಹಸು ಇದೆ!" ಎಂದು ಮೇಲಿಂದ ಅಪ್ಪಣೆಯಾಗುತ್ತಿತ್ತು, ಅಪ್ಪಟ ಕನ್ನಡದಲ್ಲಿ. ರಾಮ್‌ಲಖನ್‌ಗೆ ಈಗ ಎಡ, ಬಲ, ಮೆಲ್ಲಗೆ ಎಲ್ಲ ಗೊತ್ತು. ಅಜ್ಜಿ ನನ್ನ ಚೀಲದೊಳಗೆ ಇಣುಕಿ ನೋಡಿದರು. ಏನೂ ಕೇಳದೆ ಕಸಿದುಕೊಂಡು, ಮಹಡಿಯಲ್ಲೇ ಈಳಿಗೆಮಣೆಯ ಮುಂದೆ ಕೂತು ಹೆಚ್ಚಿ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರು.

ಬಡಿಸುತ್ತ, "ಒಂದು ಸಂಶಯ ಮೇಷ್ಟ್ರೇ" ಎಂದರು. "ಬಿಟ್ಟ ಸ್ನಾನವೇ ದಿನಾ ಕುರ್ಚಿ ಹೊತ್ತುಕೊಂಡು ಬಂದು ಕರೀತಿದೆ. ಅಂದ ಮೇಲೆ ನಾನು ಬಿಟ್ಟ ಹಾಗಾಗಲಿಲ್ಲ. ಅದಕ್ಕೇ ಮೊನ್ನೆ ನೀರಲ್ಲಿ ನಿಂತು ಬೇರೆ ಒಂದು ಬಿಟ್ಟೆ."

"ಏನು ಅಜ್ಜಿ?"

"ಸಾಯೋ ಆತುರ" ಎಂದರು. "ಅಷ್ಟು ಇಷ್ಟವಾದದ್ದು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ."

ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು, "ಇನ್ನೊಂದು ಸ್ವಲ್ಪ ಪಲ್ಯ ಹಾಕಿ ಅಜ್ಜಿ" ಎಂದು ತಟ್ಟೆ ಮುಂದಕ್ಕೆ ಹಿಡಿದೆ.