ಐದು ಗಂಟೆಗೆ ಖಾಲಿಯಾಗುವ ಚಾರ್ಟು

ನಮ್ಮ ಅತ್ತಿಗೆ ನೀರು ಸರಬರಾಜು ಕಚೇರಿಯಲ್ಲಿ ದಾಖಲೆ ನೋಡಿಕೊಳ್ಳುವವರು. ಊರಿನ ಬಾವಿಗಳ ಇಪ್ಪತ್ತೆರಡು ವರ್ಷದ ನೀರಿನ ಮಟ್ಟ ಬರೆದಿಟ್ಟವರು ಅವರೇ. ಈಗ ಅದೆಲ್ಲ ಕಚೇರಿಯದೇ ಆದ ಕ್ಲೌಡ್ ಸ್ಟೋರೇಜಿನಲ್ಲಿದೆ. ವಿಶ್ಲೇಷಣೆ ಮಾಡುವ ಕಂಪನಿಯವರು "ಎಲ್ಲಾ ನಮ್ಮ ಜಾಗಕ್ಕೆ ಹಾಕಿ" ಎಂದಾಗ ಅತ್ತಿಗೆ ಒಪ್ಪಲಿಲ್ಲ. ಕೈಬಿಟ್ಟದ್ದು ವಾಪಸು ಬಂದೀತೇ ಎಂಬ ಅಂಜಿಕೆ. "ಇಲ್ಲಿಗೇ ಬಂದು ಓದ್ಕೊಳ್ಳಿ" ಎಂದು ಅನುಮತಿ ಕೊಟ್ಟರು.

ಆದರೆ ದಿನಾ ಸಂಜೆ ಐದಕ್ಕೆ ಆ ಅಂಕಿಗಳಿಂದ ಕಂಪನಿ ಬಿಡಿಸುವ ಚಾರ್ಟುಗಳೆಲ್ಲ ಖಾಲಿ. ಮೂವರು ಇಂಜಿನಿಯರುಗಳು ಮೂರು ದಿನ ಸಭೆ ಸೇರಿ, ಹನ್ನೊಂದು ಪುಟದ ವರದಿ ಬರೆದು, ಆಮೇಲೆ ಫೋನ್ ಮಾಡಿದರು.

"ಮೇಡಂ, ಐದು ಗಂಟೆಗೆ ನಿಮ್ಮಲ್ಲಿ ಏನಾಗುತ್ತೆ?"

"ನಾನು ಮನೆಗೆ ಹೋಗ್ತೀನಪ್ಪ. ಬೀರುವಿಗೆ ಬೀಗ ಹಾಕ್ತೀನಿ, ನಿಮ್ಮ ಅನುಮತಿ ತೆಗೀತೀನಿ, ಬೆಳಿಗ್ಗೆ ಬಂದು ಮತ್ತೆ ಕೊಡ್ತೀನಿ. ಕಚೇರಿ ಮುಚ್ಚಿದ್ಮೇಲೆ ಯಾರು ಓದ್ತಾರೆ?"

"ಮೆಷಿನ್ ರಾತ್ರಿಯಿಡೀ ಓದುತ್ತೆ ಮೇಡಂ. ಅದಕ್ಕೇ ಹೇಳೋದು, ನಮ್ಮಲ್ಲಿಗೇ ಹಾಕ್ಬಿಡಿ."

"ಅಷ್ಟು ಹೊತ್ತು ಅದೇನು ಹುಡುಕುತ್ತೆ?"

"ಯಾವ ಬಾವಿ ಇಳಿದ್ರೆ ಜೊತೆಗೆ ಯಾವುದು ಇಳಿಯುತ್ತೆ ಅಂತ."

ಇಷ್ಟು ವರ್ಷ ಬರೆದ ಅತ್ತಿಗೆಗೂ ಅದು ಗೊತ್ತಿರಲಿಲ್ಲ.

"ಹಾಗಾದ್ರೆ ಅನುಮತಿ ತೆಗೆಯಲ್ಲ. ಓದೋದಕ್ಕೆ ಮಾತ್ರ, ಅದೂ ಇಲ್ಲೇ. ಗೊತ್ತಾದದ್ದನ್ನ ಮೊದಲು ನನಗೆ ಹೇಳ್ಬೇಕು."

ಮರುದಿನ ಅತ್ತಿಗೆ ಅರ್ಧ ಗಂಟೆ ಮುಂಚೆಯೇ ಕಚೇರಿಗೆ ಹೊರಟರು.